ಸಣ್ಣ ಕಾಲೇಜಿನ ಫುಟ್‌ಬಾಲ್ ಕೋಚ್ ಆಗುವ ಮುನ್ನ

ಚಿ. ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದಗಳು.

ಓದು ಮುಗಿದ ಮೇಲೆ ಡಿವಿಷನ್ 3 (ಅಮೆರಿಕದ ಕಾಲೇಜು ಕ್ರೀಡೆಯ ಮೂರನೆಯ ಹಂತ) ಕಾಲೇಜೊಂದರಲ್ಲಿ ಅಮೆರಿಕನ್ ಫುಟ್‌ಬಾಲ್ ಅಸಿಸ್ಟೆಂಟ್ ಕೋಚ್ ಆಗುತ್ತೇನೆ ಎಂದು ನೀನು ಹಟ ಹಿಡಿದಿದ್ದೀಯಂತೆ. "ಬೇಡ ಅಂತ ಬರಿ, ನಿನ್ನ ಮಾತು ಕೇಳ್ತಾನೆ" ಎಂದು ಅಕ್ಕ ಫೋನ್ ಮಾಡಿದ್ದಳು. ನಾನು ಬೇಡ ಎನ್ನುವುದಿಲ್ಲ. ಆದರೆ ಕೆಲಸದ ಒಳಗೇನಿದೆ ಎಂದು ತಿಳಿದುಕೊಂಡು ಹೋಗು. ಅಕ್ಕನೂ ಓದಲಿ ಎಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿನಗೆ ಎಲ್ಲಾದರೂ ತೊಡಕಾದರೆ ಅವಳ ಪಕ್ಕ ಕೂತು ಓದಿಸಿಕೋ.

ಆಡುವಾಗ ನೀನು ಕೋಚ್‌ಗಳನ್ನು ನೋಡಿದ್ದು ಮೈದಾನದಲ್ಲಿ, ಮೀಟಿಂಗ್ ರೂಮಿನಲ್ಲಿ. ಅವರ ಸಂಬಳ ಎಲ್ಲಿಂದ ಬರುತ್ತದೆ ಎಂದು ಆಟಗಾರ ಯೋಚಿಸುವುದಿಲ್ಲ. ಅಲ್ಲಿಂದಲೇ ಶುರುಮಾಡುತ್ತೇನೆ.

ಡಿವಿಷನ್ 3 ಹುಟ್ಟಿದ್ದು 1973ರಲ್ಲಿ. ಅಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲ. ತಂಡದ ನೂರು ಚಿಲ್ಲರೆ ಹುಡುಗರೂ ಫೀಸು ಕಟ್ಟಿ ಓದುವವರು. 1200 ಮಕ್ಕಳಿರುವ ಖಾಸಗಿ ಕಾಲೇಜು ಅಂದುಕೋ. ಅದರಲ್ಲಿ 110 ಮಂದಿ ಫುಟ್‌ಬಾಲ್ ಹುಡುಗರು. ರಿಯಾಯಿತಿ ಕಳೆದು ಒಬ್ಬೊಬ್ಬರಿಂದ ವರ್ಷಕ್ಕೆ 20,000 ಡಾಲರ್ ಬಂದರೆ 22 ಲಕ್ಷ ಡಾಲರ್ ಆಯಿತು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕಾಲೇಜುಗಳು ಹೊಸದಾಗಿ ಫುಟ್‌ಬಾಲ್ ತಂಡ ಕಟ್ಟುವುದೂ ಇದೇ ಲೆಕ್ಕದಿಂದ. ಹೀಗಾಗಿ ಅಸಿಸ್ಟೆಂಟ್ ಕೋಚ್ ಎಂದರೆ ಅರ್ಧ ಕೋಚು, ಅರ್ಧ ಅಡ್ಮಿಷನ್ ಆಫೀಸಿನ ನೌಕರ. ಎರಡನೆಯ ಅರ್ಧದಲ್ಲಿ ಸೋತವನನ್ನು ಮೊದಲನೆಯ ಅರ್ಧ ಉಳಿಸುವುದಿಲ್ಲ. ನಿನ್ನ ವೃತ್ತಿ ಬೆಳೆಯುವುದೂ ನಿಲ್ಲುವುದೂ ರೆಕ್ರೂಟಿಂಗ್, ಅಂದರೆ ಹುಡುಗರನ್ನು ಹುಡುಕಿ ಕಾಲೇಜಿಗೆ ಕರೆತರುವ ಕೆಲಸದ ಮೇಲೆ. ಈ ಪತ್ರದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನಿಡು.

ಸೇರಿದ ವಾರವೇ ನಿನಗೊಂದು ಪ್ರದೇಶ ಹಂಚುತ್ತಾರೆ, ಎರಡೋ ಮೂರೋ ಕೌಂಟಿ, ಇಲ್ಲವೇ ಇಡೀ ಒಂದು ರಾಜ್ಯ. ಜೊತೆಗೆ ಇಷ್ಟು ಹುಡುಗರು ಬರಬೇಕೆಂಬ ಗುರಿ. 15 ಮಂದಿ ಬೇಕೆಂದರೆ 300 ಹೆಸರಿನಿಂದ ಶುರುಮಾಡು. ಹೈಸ್ಕೂಲ್ ಕೋಚ್‌ಗೆ ಮೊದಲು ಫೋನ್ ಮಾಡು, ಆಮೇಲೆ ಹುಡುಗನಿಗೆ. ಫಿಲ್ಮ್ ನೋಡುವುದಕ್ಕಿಂತ ಮುಂಚೆ ಮಾರ್ಕ್ಸ್ ಕಾರ್ಡ್ ತರಿಸಿಕೋ. ಕಾಲೇಜು ತೆಗೆದುಕೊಳ್ಳದ ಹುಡುಗನ ಹಿಂದೆ ಮೂರು ತಿಂಗಳು ಅಲೆಯುವುದು ಹೊಸ ಕೋಚ್‌ಗಳು ಮಾಡುವ ಮೊದಲ ತಪ್ಪು. ಎರಡನೆಯ ತಪ್ಪು, ಹುಡುಗನ ಜೊತೆ ಮಾತ್ರ ಮಾತಾಡುವುದು. ಚೆಕ್ ಬರೆಯುವವರು ಅವನ ಅಪ್ಪ ಅಮ್ಮ. ಆರ್ಥಿಕ ಸಹಾಯಕ್ಕೆಂದು ಸರ್ಕಾರಕ್ಕೆ ಸಲ್ಲಿಸುವ ಎಫ್ಎಎಫ್ಎಸ್ಎ ಅರ್ಜಿ ತುಂಬಿದ್ದಾರೋ ಇಲ್ಲವೋ ಎಂದು ಅವರನ್ನು ಮತ್ತೆ ಮತ್ತೆ ವಿಚಾರಿಸು. ಆ ಅರ್ಜಿ ಬಾರದೆ ಕಾಲೇಜು ಪೂರ್ತಿ ಲೆಕ್ಕ ಕೊಡಲಾರದು, ಲೆಕ್ಕ ಸಿಗದ ಮನೆಯವರು ಪಕ್ಕದ ಕಾಲೇಜಿಗೆ ಹೋಗುತ್ತಾರೆ.

ಆದರೆ ದುಡ್ಡಿನ ವಿಷಯದಲ್ಲಿ ನಿನ್ನ ಕೈ ಕಟ್ಟಿದೆ, ಅದನ್ನು ಮರೆಯಬೇಡ. ಡಿವಿಷನ್ 3ರಲ್ಲಿ ಆರ್ಥಿಕ ಸಹಾಯ ಗೊತ್ತುಮಾಡುವಾಗ ಆಟವನ್ನು ಪರಿಗಣಿಸುವಂತಿಲ್ಲ, ಕೋಚ್ ಅದರಲ್ಲಿ ಬಾಯಿ ಹಾಕುವಂತಿಲ್ಲ. "ನಾನು ಮಾತಾಡಿ ಇನ್ನೊಂದು 5,000 ಕೊಡಿಸುತ್ತೇನೆ" ಎಂದು ಒಂದು ಮೆಸೇಜ್ ಕಳಿಸಿದರೂ ನಿಯಮ ಮುರಿದ ಹಾಗೆ. ತನಿಖೆ ಬರುವುದು ಕಾಲೇಜಿನ ಮೇಲೆ, ಕೆಲಸ ಹೋಗುವುದು ನಿನ್ನದು. ಕೇಳಿದವರನ್ನು ಫೈನಾನ್ಶಿಯಲ್ ಏಡ್ ಆಫೀಸಿಗೆ ಕಳಿಸಿ ಸುಮ್ಮನಿರು.

ಸ್ಕಾಲರ್‌ಶಿಪ್ ಇರುವ ಡಿವಿಷನ್ 1ರ ಹುಡುಗರ ಹಾಗೆ ಕಟ್ಟಿಹಾಕುವ ಒಪ್ಪಂದ ಇಲ್ಲಿಲ್ಲ. ಕ್ಯಾಮೆರಾ ಮುಂದೆ ಸಹಿ ಹಾಕಿ, ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವುದು ಸಂಭ್ರಮಕ್ಕೆ ಮಾತ್ರ. ಮೇ 1ರೊಳಗೆ ಡೆಪಾಸಿಟ್ ಕಟ್ಟಿದವರಲ್ಲೂ ಕೆಲವರು ಆಗಸ್ಟ್‌ನಲ್ಲಿ ಬರುವುದಿಲ್ಲ. ಬೇಸಿಗೆಯಲ್ಲಿ ಹೀಗೆ ಕರಗಿಹೋಗುವುದನ್ನು ಅಡ್ಮಿಷನ್ ಆಫೀಸಿನವರೂ 'ಮೆಲ್ಟ್' ಎಂದೇ ಕರೆಯುತ್ತಾರೆ. ಹೆಚ್ಚಾಗಿ ಕಾರಣ ಬಿಲ್ಲು. ಜುಲೈನಲ್ಲಿ ಅದು ಕೈಗೆ ಬಂದಾಗಲೇ ಮನೆಯವರಿಗೆ ನಿಜವಾದ ಮೊತ್ತ ಕಾಣುವುದು. ಆದ್ದರಿಂದ ಜೂನ್, ಜುಲೈನಲ್ಲಿ ವಾರಕ್ಕೊಮ್ಮೆ ಪ್ರತಿ ಮನೆಗೂ ಫೋನ್ ಹೋಗಬೇಕು: ರೂಮ್‌ಮೇಟ್ ಯಾರೆಂದು ಗೊತ್ತಾಯಿತೇ, ವೈದ್ಯಕೀಯ ತಪಾಸಣೆಯ ಫಾರಂ ಕಳಿಸಿದರೇ, ಬಿಲ್ಲು ಬಂತೇ. ಎರಡನೆಯ ವರ್ಷಕ್ಕೆ ಎಷ್ಟು ಮಂದಿ ಉಳಿದರು ಎಂಬುದನ್ನೂ ಕಾಲೇಜು ಎಣಿಸುತ್ತದೆ. "ಮೊದಲ ವರ್ಷವೇ ಆಡಿಸುತ್ತೇನೆ" ಎಂದು ಆಸೆ ಹುಟ್ಟಿಸಿ ಕರೆತಂದವರು ಡಿಸೆಂಬರ್ ಹೊತ್ತಿಗೆ ಗಂಟುಮೂಟೆ ಕಟ್ಟಿರುತ್ತಾರೆ.

ಇನ್ನು ಮೈದಾನದ ಕೆಲಸ. ಕೊನೆಯದಾಗಿ ಬಂದವನಿಗೆ ಬೀಳುವುದು ಫಿಲ್ಮು, ಎದುರಾಳಿಯ ಆಟದ ಚಿತ್ರ ಬರೆದ ಕಾರ್ಡು ಮತ್ತು ಒದೆತದ ಸಂದರ್ಭಗಳಲ್ಲಿ ಇಳಿಯುವ ಸ್ಪೆಷಲ್ ಟೀಮ್ಸ್. ಮೂರನ್ನೂ ಕೇಳಿ ಪಡೆದುಕೋ.

ಶನಿವಾರ ಆಟ ಮುಗಿದ ರಾತ್ರಿಯೇ ಫಿಲ್ಮ್ ಹಡಲ್ ಎಂಬ ಆನ್‌ಲೈನ್ ವಿಡಿಯೊ ತಾಣಕ್ಕೆ ಏರಬೇಕು. ಪಕ್ಕದ ಕ್ಯಾಮೆರಾದಲ್ಲಿ ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದಕ್ಕೆ) ಮುಂಚೆ 22 ಜನರೂ ಕಾಣಬೇಕು. ಹೊಸಬರು ಚೆಂಡಿನ ಮೇಲೆ ಜೂಮ್ ಮಾಡಿಬಿಡುತ್ತಾರೆ, ಆಗ ತೀರಾ ಹಿಂದೆ ನಿಲ್ಲುವ ಸೇಫ್ಟಿಗಳು ಚೌಕಟ್ಟಿನಾಚೆ ಉಳಿದು ಕವರೇಜ್ (ಪಾಸ್ ತಡೆಯುವ ವ್ಯೂಹ) ಏನೆಂದು ಯಾರಿಗೂ ತಿಳಿಯುವುದಿಲ್ಲ. ಎರಡು ಪ್ಲೇ ನಡುವೆ (ಒಂದು ಸ್ನ್ಯಾಪ್‌ನಿಂದ ಚೆಂಡು ನಿಲ್ಲುವವರೆಗೆ ಒಂದು ಪ್ಲೇ) ಸ್ಕೋರ್‌ಬೋರ್ಡ್ ಎರಡು ಸೆಕೆಂಡ್ ಹಿಡಿಯಬೇಕು, ಇಲ್ಲದಿದ್ದರೆ ಭಾನುವಾರ ಬೆಳಗ್ಗೆ ಡೌನ್ (ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು) ಯಾವುದು, ಎಷ್ಟು ಯಾರ್ಡ್ ಬೇಕಿತ್ತು ಎಂದು ಊಹಿಸುತ್ತ ಕೂರಬೇಕಾಗುತ್ತದೆ. ನವೆಂಬರ್ ಚಳಿಯಲ್ಲಿ ಬ್ಯಾಟರಿ ಬೇಗ ಕೈಕೊಡುತ್ತದೆ, ಒಂದು ಜೊತೆಯನ್ನು ಜೇಬಿನಲ್ಲಿ ಬೆಚ್ಚಗಿಡು. ಆಮೇಲೆ ಎದುರಾಳಿಯ ಪ್ರತಿ ಪ್ಲೇಗೂ ಡೌನ್, ದೂರ, ಹ್ಯಾಶ್, ಫಾರ್ಮೇಶನ್, ಮೋಶನ್, ಫ್ರಂಟ್, ಕವರೇಜ್, ಬ್ಲಿಟ್ಜ್ ಎಂದು ಕಾಲಂ ತುಂಬು. ಒಂದೇ ಫಾರ್ಮೇಶನ್‌ಗೆ ಇಬ್ಬರು ಎರಡು ಹೆಸರು ಬರೆದರೆ ಕೊನೆಗೆ ಬರುವ ವರದಿಯೇ ಸುಳ್ಳಾಗುತ್ತದೆ. ಮೊದಲ ವಾರವೇ ಹೆಸರುಗಳ ಪಟ್ಟಿಯೊಂದನ್ನು ಅಚ್ಚುಹಾಕಿಸಿ ಎಲ್ಲರ ಮೇಜಿನ ಮೇಲೂ ಇಡು.

ಅಭ್ಯಾಸದಲ್ಲಿ ಎದುರಾಳಿಯಂತೆ ಆಡುವ ಸ್ಕೌಟ್ ಟೀಮ್‌ಗೆ ಕಾರ್ಡ್ ಬರೆಯುವಾಗ ಆಡುವವನ ಕಣ್ಣಿಂದ ಬರೆ. ನಿನ್ನ ಡಿಫೆನ್ಸ್‌ಗೆ ಕಾಣುವಂತೆ ಬರೆದರೆ ಎಡ ಬಲ ಅದಲುಬದಲಾಗಿ ಗಾರ್ಡ್ ಸ್ಥಾನದ ಆಟಗಾರ ತಪ್ಪು ಕಡೆಗೆ ಓಡುತ್ತಾನೆ, ಇಡೀ ತಂಡ ಒಂದು ವಾರ ತಪ್ಪನ್ನೇ ಅಭ್ಯಾಸ ಮಾಡುತ್ತದೆ. ದಪ್ಪ ಮಾರ್ಕರ್ ಬಳಸು, ಒಂದು ಕಾರ್ಡಿಗೆ ಒಂದೇ ಪ್ಲೇ. ಮಳೆಗೆ ಪ್ಲಾಸ್ಟಿಕ್ ಹೊದಿಕೆ ಇರಲಿ.

ಸ್ಪೆಷಲ್ ಟೀಮ್ಸ್‌ನಲ್ಲಿ ಆರು ತುಕಡಿ: ಕಿಕ್‌ಆಫ್, ಅದರ ರಿಟರ್ನ್, ಪಂಟ್ (ನಾಲ್ಕನೆಯ ಡೌನ್‌ನಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು), ಅದರ ರಿಟರ್ನ್, ಫೀಲ್ಡ್ ಗೋಲ್, ಅದನ್ನು ತಡೆಯುವುದು. ದೊಡ್ಡವರು ಯಾರೂ ಇದಕ್ಕೆ ಸಮಯ ಕೊಡಲು ಮುಂದೆ ಬರುವುದಿಲ್ಲ, ಹಾಗಾಗಿ ಚಿಕ್ಕವನಿಗೆ ಸ್ವತಂತ್ರವಾಗಿ ಏನಾದರೂ ನಡೆಸಲು ಸಿಗುವ ಜಾಗ ಇದೊಂದೇ. ಪಂಟ್‌ನಲ್ಲಿ ಸ್ನ್ಯಾಪ್ 14 ಯಾರ್ಡ್ ಹಿಂದಕ್ಕೆ 0.8 ಸೆಕೆಂಡಿನೊಳಗೆ ತಲುಪಬೇಕು, ಸ್ನ್ಯಾಪ್‌ನಿಂದ ಒದೆಯುವವರೆಗೆ ಒಟ್ಟು 2.1 ಸೆಕೆಂಡಿನ ಆಸುಪಾಸು. ಸ್ಟಾಪ್‌ವಾಚ್ ಕೈಯಿಂದ ಇಳಿಸಬೇಡ. ಆದರೆ ಸಣ್ಣ ಕಾಲೇಜಿನಲ್ಲಿ ಪಂಟ್ ಹಾಳಾಗುವುದು ಮುಖ್ಯವಾಗಿ ಮೈದಾನದಲ್ಲಿ ಹತ್ತೇ ಜನ ಇರುವುದರಿಂದ. ಲೈನ್‌ಬ್ಯಾಕರ್ ಒಬ್ಬ ಗಾಯಗೊಂಡು ಹೊರಬಂದಿರುತ್ತಾನೆ, ಡಿಫೆನ್ಸ್‌ನವರು ಅವನ ಬದಲಿಯನ್ನು ಇಳಿಸಿರುತ್ತಾರೆ, ಗಾಯಗೊಂಡವನು ಪಂಟ್ ತಂಡದಲ್ಲೂ ಇದ್ದಾನೆಂಬುದು ಯಾರಿಗೂ ಹೊಳೆದಿರುವುದಿಲ್ಲ. ಪ್ರತಿ ಸ್ಥಾನಕ್ಕೂ ಎರಡನೆಯ ಹೆಸರು ಬರೆದ ಹಾಳೆ ನಿನ್ನ ಕೈಯಲ್ಲಿರಲಿ. ಗಾಯಾಳು ಹೊರಬಂದ ತಕ್ಷಣ ಟ್ರೇನರ್ ನಿನಗೂ ಹೇಳಲಿ. ಮೂರನೆಯ ಡೌನ್ ಬಂದಾಗಲೇ ನಿನ್ನ ಹನ್ನೊಂದು ಜನರನ್ನು ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ ಎಣಿಸು.

ಇದರ ಜೊತೆಗೆ ಜೆರ್ಸಿ ಒಗೆಸುವುದು, ಹೆಲ್ಮೆಟ್ ದುರಸ್ತಿ, ಮೈದಾನಕ್ಕೆ ಗೆರೆ ಹಾಕುವುದು, ಬೆಳಗ್ಗೆ ಆರಕ್ಕೆ ವೇಟ್ ರೂಮ್ ತೆರೆಯುವುದು, ವಸಂತದಲ್ಲಿ ಟ್ರ್ಯಾಕ್ ತಂಡಕ್ಕೂ ಕೈ ಹಾಕುವುದು ಎಲ್ಲ ಇದ್ದೇ ಇರುತ್ತದೆ. ಇದನ್ನು ಕೀಳೆಂದುಕೊಳ್ಳಬೇಡ. ಮಿನ್ನೆಸೋಟದ ಸೇಂಟ್ ಜಾನ್ಸ್‌ನ ಫುಟ್‌ಬಾಲ್ ಕೋಚ್ ಜಾನ್ ಗಲ್ಯಾರ್ಡಿ ಐಸ್ ಹಾಕಿ ತಂಡವನ್ನೂ ನಡೆಸಿದವರು. 1953ರಿಂದ 2012ರವರೆಗೆ ಒಂದೇ ಕಾಲೇಜಿನಲ್ಲಿದ್ದರು. ಅದಕ್ಕೂ ಮುಂಚೆ ಮೊಂಟಾನಾದ ಕ್ಯಾರಲ್ ಕಾಲೇಜಿನಲ್ಲಿ ಗೆದ್ದಿದ್ದನ್ನೂ ಸೇರಿಸಿದರೆ 489 ಗೆಲುವು, ಕಾಲೇಜ್ ಫುಟ್‌ಬಾಲ್‌ನಲ್ಲಿ ಅಷ್ಟು ಬೇರೆ ಯಾರಿಗೂ ಇಲ್ಲ. ಅವರ ಅಭ್ಯಾಸದಲ್ಲಿ ಟ್ಯಾಕ್ಲಿಂಗ್ ಇರಲಿಲ್ಲ, ಸೀಟಿ ಇರಲಿಲ್ಲ. ಹುಡುಗರು ಅವರನ್ನು ಕೋಚ್ ಎನ್ನದೆ ಜಾನ್ ಎಂದೇ ಕರೆಯಬೇಕಿತ್ತು.

ಮೇಲೆ ಹೋದವರೂ ಇದ್ದಾರೆ. ನಿಕ್ ಸಿರಿಯಾನಿ ಓಹಾಯೋದ ಮೌಂಟ್ ಯೂನಿಯನ್‌ನಲ್ಲಿ ಲ್ಯಾರಿ ಕೆರಸ್ ಕೈಕೆಳಗೆ ಆಡಿ, 2004ರಲ್ಲಿ ಅಲ್ಲೇ ಡಿಫೆನ್ಸಿವ್ ಬ್ಯಾಕ್‌ಗಳ ಕೋಚ್ ಆದವರು, ಈಗ ವೃತ್ತಿಪರ ಲೀಗ್ ಎನ್ಎಫ್ಎಲ್‌ನ ಫಿಲಡೆಲ್ಫಿಯಾ ಈಗಲ್ಸ್ ಜೊತೆ ಸೂಪರ್ ಬೌಲ್ ಗೆದ್ದಿದ್ದಾರೆ. ಲ್ಯಾನ್ಸ್ ಲೈಪೋಲ್ಡ್ ತಾನು ಆಡಿದ ವಿಸ್ಕಾನ್ಸಿನ್-ವೈಟ್‌ವಾಟರ್‌ಗೆ ಹೆಡ್ ಕೋಚ್ ಆಗಿ ಮರಳಿ, 2007ರಿಂದ 2014ರೊಳಗೆ 109 ಗೆದ್ದು 6 ಸೋತರು, ಆಮೇಲೆ ಬಫಲೋ, ಆಮೇಲೆ ಕಾನ್ಸಸ್. ಬ್ರಾಂಡನ್ ಸ್ಟೇಲಿಯ ದಾರಿಯನ್ನಂತೂ ಒಮ್ಮೆ ನಕ್ಷೆಯ ಮೇಲೆ ಗುರುತು ಮಾಡಿ ನೋಡು: ನಾರ್ದರ್ನ್ ಇಲಿನಾಯ್, ಸೇಂಟ್ ಥಾಮಸ್, ಹಚಿನ್ಸನ್ ಕಮ್ಯುನಿಟಿ ಕಾಲೇಜ್, ಟೆನೆಸೀ, ಜಾನ್ ಕ್ಯಾರಲ್, ಜೇಮ್ಸ್ ಮ್ಯಾಡಿಸನ್, ಮತ್ತೆ ಜಾನ್ ಕ್ಯಾರಲ್. ಹನ್ನೊಂದು ವರ್ಷದಲ್ಲಿ ಏಳು ಸಲ ಮನೆ ಬದಲಾಯಿಸಿ 2017ರಲ್ಲಿ ಎನ್ಎಫ್ಎಲ್‌ನ ಶಿಕಾಗೋ ಬೇರ್ಸ್ ಸೇರಿದರು. 2021ರಲ್ಲಿ ಚಾರ್ಜರ್ಸ್ ಹೆಡ್ ಕೋಚ್, 2023ರ ಡಿಸೆಂಬರ್‌ನಲ್ಲಿ ಕೆಲಸದಿಂದ ತೆಗೆದರು. ಇಂಥವರು ಬೆರಳೆಣಿಕೆಯಷ್ಟು. ಉಳಿದವರು ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ತಂಡ ನಡೆಸುತ್ತಾರೆ, ಅಥ್ಲೆಟಿಕ್ ಡೈರೆಕ್ಟರ್ ಆಗುತ್ತಾರೆ, ಅಡ್ಮಿಷನ್‌ಗೆ ಹೊರಳುತ್ತಾರೆ. ಅದು ಸೋಲೆಂದು ನಾನು ಎಣಿಸುವುದಿಲ್ಲ. ಆ ಬಾಗಿಲುಗಳು ತೆರೆದಿರಬೇಕಾದರೆ ಕಾಲೇಜು ಫೀಸಿಲ್ಲದೆ ಕೊಡುವ ಮಾಸ್ಟರ್ಸ್ ಡಿಗ್ರಿಯನ್ನು ಮುಗಿಸಿಯೇ ಹೊರಡು, ಅರ್ಧಕ್ಕೆ ಬಿಟ್ಟು ಬೇರೆ ಊರಿಗೆ ಓಡಬೇಡ.

ಕೆಲಸ ಹುಡುಕುವವರು ಜನವರಿಯಲ್ಲಿ ಫುಟ್‌ಬಾಲ್ ಕೋಚ್‌ಗಳ ಸಂಘವಾದ ಎಎಫ್‌ಸಿಎ ಸಮ್ಮೇಳನಕ್ಕೆ ಹೋಗುತ್ತಾರೆ. ಅಲ್ಲಿ ಅಪರಿಚಿತರ ಕೈಗೆ ರೆಸ್ಯೂಮೆ ತುರುಕುವುದರಿಂದ ಪ್ರಯೋಜನ ಕಡಿಮೆ, ನಿನ್ನ ಈಗಿನ ಕೋಚ್ ಯಾರಿಗೆ ಫೋನ್ ಮಾಡುತ್ತಾರೆ ಎಂಬುದೇ ಮುಖ್ಯ. ಮುಂದೆ ಎರಡು ವರ್ಷದ ಅನುಭವವಾದ ಮೇಲೆ ಬಿಲ್ ವಾಲ್ಷ್ ಹೆಸರಿನ ಎನ್ಎಫ್ಎಲ್ ಫೆಲೋಶಿಪ್‌ಗೆ ಅರ್ಜಿ ಹಾಕು. ಅಲ್ಪಸಂಖ್ಯಾತ ಸಮುದಾಯಗಳ ಕೋಚ್‌ಗಳಿಗೆ ದಾರಿಯಾಗಲೆಂದು 1987ರಲ್ಲಿ ಶುರುವಾದದ್ದು ಅದು.

ಯಾವ ಕಾಲೇಜು ಕರೆದರೂ ಅದರ ಆರೋಗ್ಯ ಮೊದಲು ನೋಡು. ಇಲಿನಾಯ್‌ನ ಮ್ಯಾಕ್‌ಮರ್ರಿ 2020ರಲ್ಲಿ, ಮಿಶಿಗನ್‌ನ ಫಿನ್‌ಲ್ಯಾಂಡಿಯಾ 2023ರಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ 2024ರಲ್ಲಿ ಮುಚ್ಚಿದವು. ಮೂರರಲ್ಲೂ ಫುಟ್‌ಬಾಲ್ ಇತ್ತು. ಶಿಕ್ಷಣ ಇಲಾಖೆ ಖಾಸಗಿ ಕಾಲೇಜುಗಳ ಆರ್ಥಿಕ ಸ್ಥಿತಿಗೆ ಮೈನಸ್ 1ರಿಂದ 3ರವರೆಗೆ ಅಂಕ ಕೊಡುತ್ತದೆ. 1.5ಕ್ಕಿಂತ ಕೆಳಗಿದ್ದರೆ ಎಚ್ಚರ. ಕಾಲೇಜು ಪ್ರತಿವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ಫಾರಂ 990 ತೆರೆದು ಮೂರು ವರ್ಷದ ಆದಾಯ ಖರ್ಚು ಹೋಲಿಸು. ಇಎಡಿಎ ಎಂಬ ಸರ್ಕಾರಿ ವರದಿಯಲ್ಲಿ ಪ್ರತಿ ಕಾಲೇಜಿನಲ್ಲೂ ಫುಟ್‌ಬಾಲ್‌ಗೆ ಪೂರ್ಣಾವಧಿ ಕೋಚ್‌ಗಳು ಎಷ್ಟು, ಅರೆಕಾಲಿಕರು ಎಷ್ಟು ಎಂದಿರುತ್ತದೆ. ಪೂರ್ಣಾವಧಿ ಇಬ್ಬರೇ ಇದ್ದು ಅರೆಕಾಲಿಕರು ಎಂಟು ಮಂದಿ ಇದ್ದರೆ ಅಲ್ಲಿ ನಿನಗೆ ಬಡ್ತಿಯ ಜಾಗವಿಲ್ಲ ಎಂದು ಲೆಕ್ಕ ಹಾಕು.

ಸಂದರ್ಶನದಲ್ಲಿ ನಾಚಿಕೆ ಬಿಟ್ಟು ಕೇಳು. ಕಾಂಟ್ರಾಕ್ಟ್ 10 ತಿಂಗಳೋ 12 ತಿಂಗಳೋ? ಹತ್ತಾದರೆ ಜೂನ್, ಜುಲೈನ ರೆಕ್ರೂಟಿಂಗ್ ಫೋನುಗಳನ್ನು ಸಂಬಳವಿಲ್ಲದೆ ಮಾಡಬೇಕೇ? ಊಟದ ಕಾರ್ಡ್ ಉಂಟೇ, ಹಾಸ್ಟೆಲ್ ನೋಡಿಕೊಂಡರೆ ವಸತಿ ಸಿಗುತ್ತದೆಯೇ? ಸುತ್ತಾಟಕ್ಕೆ ಕಾಲೇಜಿನ ಕಾರೇ, ನಿನ್ನದೇ? ನಿನ್ನದಾದರೆ ಒಂದೊಂದು ಮೈಲು ಓಡಿಸಿದ್ದಕ್ಕೆ ಎಷ್ಟು ಕೊಡುತ್ತಾರೆ? 2025ಕ್ಕೆ ತೆರಿಗೆ ಇಲಾಖೆ ಐಆರ್‌ಎಸ್ ಗೊತ್ತುಮಾಡಿದ್ದ ದರ 70 ಸೆಂಟ್. ಕಾಲೇಜು ಕೊಡದಿದ್ದರೆ ನೌಕರನಾದ ನೀನು ಅದನ್ನು ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ, ಟೈರು ಸವೆಯುವುದು ನಿನ್ನ ಖರ್ಚಿನಲ್ಲೇ. ಹೆಡ್ ಕೋಚ್‌ನ ಕಾಂಟ್ರಾಕ್ಟ್ ಇನ್ನೆಷ್ಟು ವರ್ಷ ಇದೆ ಎಂದೂ ವಿನಯದಿಂದ ಕೇಳು. ಅವರು ಹೋದರೆ ಹೊಸಬರು ತಮ್ಮವರನ್ನು ಕರೆತರುತ್ತಾರೆ.

ಸೇರುವ ಮೊದಲೇ ಪ್ರಥಮ ಚಿಕಿತ್ಸೆ, ಸಿಪಿಆರ್ ಮತ್ತು ಎಇಡಿ (ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಪ್ರಮಾಣಪತ್ರ ಮಾಡಿಸಿಕೋ. ಆಗಸ್ಟ್ ಅಭ್ಯಾಸದ ಮೊದಲ ದಿನ ಐಸ್ ನೀರಿನ ತೊಟ್ಟಿ ತುಂಬಿದೆಯೇ ಎಂದು ನೀನೇ ಹೋಗಿ ನೋಡು, ಯಾರೋ ತುಂಬಿರುತ್ತಾರೆ ಎಂದುಕೊಳ್ಳಬೇಡ. ಬಿಸಿಲಿನ ಹೊಡೆತಕ್ಕೆ ಹುಡುಗ ತಡವರಿಸಿ ಮಾತಾಡಿದರೆ, ನಡಿಗೆ ತಪ್ಪಿದರೆ, ಆಂಬುಲೆನ್ಸ್‌ಗೆ ಫೋನ್ ಮಾಡಿಸುತ್ತಲೇ ಅವನನ್ನು ತೊಟ್ಟಿಗಿಳಿಸು. ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಆಟಗಾರ ತೀರಿಕೊಂಡಾಗ ತನಿಖೆ ಎತ್ತಿ ತೋರಿಸಿದ ದೊಡ್ಡ ಲೋಪ, ಅವನನ್ನು ತಣ್ಣೀರಿನಲ್ಲಿ ಇಳಿಸದೇ ಇದ್ದದ್ದು. ಹೆಡ್ ಕೋಚ್ "ಇನ್ನೊಂದು ಸುತ್ತು ಓಡಲಿ" ಎಂದರೂ ನೀನು ಅಡ್ಡ ನಿಲ್ಲು. ಆ ಕಾರಣಕ್ಕೆ ಕೆಲಸ ಹೋದರೆ ನಮ್ಮ ಮನೆಯಲ್ಲಿ ನಿನಗೊಂದು ಕೋಣೆ ಇದೆ.

ಅಕ್ಕನಿಗೆ ಇದನ್ನು ಓದಿ ಹೇಳುವಾಗ ಒಂದು ವಿಷಯ ಮೊದಲು ಹೇಳು: 26 ತುಂಬುವವರೆಗೆ ನೀನು ಭಾವನ ಆರೋಗ್ಯ ವಿಮೆಯಲ್ಲೇ ಇರಬಹುದು. ಅವಳಿಗೆ ಅದೇ ದೊಡ್ಡ ಚಿಂತೆ. ಈಗ ನಿನಗೆ 22. ವಿಮೆ ಕೊಡುವ ಪೂರ್ಣಾವಧಿ ಹುದ್ದೆ ಹಿಡಿಯಲು ನಾಲ್ಕು ಸೀಸನ್ ಇದೆ.

ಇಂತಿ ನಿನ್ನ ಸೋದರಮಾವ