ಹಾಳು ಮಾಡಿ ಕಲಿಯಲು ಬಿಟ್ಟವರಿಗೆ

ಹೆತ್ತವರ ಜೊತೆ ಬೆಳೆಯದ ಹುಡುಗಿಯರಿಗೆ ದಿನದ ಬದುಕು ನಡೆಸುವುದನ್ನು ಕಲಿಸುವ ನಮ್ಮ ಭಾನುವಾರದ ತರಗತಿಯ ಮೊದಲ ಗುಂಪಿನ ಹುಡುಗಿಯರೆಲ್ಲ ಈ ತಿಂಗಳಿಗೆ ಹದಿನೆಂಟು ದಾಟಿದರು. ಒಬ್ಬಳು ನರ್ಸಿಂಗ್ ಸೇರಿದ್ದಾಳೆ, ಒಬ್ಬಳು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ, ಉಳಿದವರು ಡಿಗ್ರಿ ಓದುತ್ತಿದ್ದಾರೆ. ಹೆಸರು, ಫೋಟೊ ಹಾಕುವುದಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹಾಕಬಾರದು ಅನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಹಾಕುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಅವರ ಜೊತೆ ನಿಂತವರಿಗೆ ನಾಲ್ಕು ಜನರ ಮುಂದೆ ಥ್ಯಾಂಕ್ಸ್ ಹೇಳಬೇಕಲ್ವಾ?

ಮೈಸೂರಿನ ಈ ಹುಡುಗಿಯರಲ್ಲಿ ಹೆಚ್ಚಿನವರು ಬೆಳೆದದ್ದು ಮಕ್ಕಳ ಪಾಲನಾ ಕೇಂದ್ರದಲ್ಲಿ, ಅಂದರೆ ಹೋಮ್‌ನಲ್ಲಿ. ಇಬ್ಬರು ಫಾಸ್ಟರ್ ಕೇರ್‌ನಲ್ಲಿದ್ದರು, ಅಂದರೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಇನ್ನೊಂದು ಕುಟುಂಬದಲ್ಲಿ. ಅದು ದತ್ತು ಅಲ್ಲ. ಹದಿನೆಂಟು ತುಂಬಿದರೆ ಎರಡೂ ಕಡೆ ಹೊರಡುವ ಹೊತ್ತು. ಹೋಮ್‌ನಿಂದ ಹೊರಟವರಿಗೆ ಆಮೇಲೆ 21ರವರೆಗೆ ಆಸರೆ ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ. ಆ ದುಡ್ಡನ್ನು ತಿಂಗಳ ಕೊನೆಯವರೆಗೆ ಎಳೆಯುವುದು ಹೇಗೆ ಅಂತ ಯಾರು ಕಲಿಸಬೇಕು? ಬೇರೆ ಮಕ್ಕಳು ಅಮ್ಮನ ಹಿಂದೆ ತರಕಾರಿಗೆ ಹೋಗಿ, ಅಪ್ಪ ಕರೆಂಟ್ ಬಿಲ್ ನೋಡಿ ಗೊಣಗುವುದನ್ನು ಕೇಳಿ ಕಲಿಯುತ್ತಾರೆ. ಹೋಮ್‌ನಲ್ಲಿ ಊಟ ತಟ್ಟೆಗೆ ಬರುತ್ತದೆ, ಬಿಲ್ ಕಚೇರಿಗೆ ಹೋಗುತ್ತದೆ.

ಹಾಗಾಗಿ ಮೊದಲ ಥ್ಯಾಂಕ್ಸ್ ಅಡುಗೆಯಕ್ಕನಿಗೆ. ಅಷ್ಟೂ ಮಕ್ಕಳ ಸಾರಿಗೆ ಈರುಳ್ಳಿ ಹೆಚ್ಚುವುದು ಈ ಹುಡುಗಿಯರಿಗೆ ಗೊತ್ತಿತ್ತು. ಒಬ್ಬರಿಗೆ ಅನ್ನ ಮಾಡಲು ಎಷ್ಟು ಅಕ್ಕಿ ಬೇಕು ಅಂತ ಗೊತ್ತಿರಲಿಲ್ಲ. ಕುಕ್ಕರ್ ವಿಷಲ್ ಹೊಡೆದರೆ ಹೊರಗೆ ಓಡುತ್ತಿದ್ದರು! ಅಡುಗೆಯಕ್ಕ ತಮ್ಮ ಒಲೆ ಬಿಟ್ಟುಕೊಟ್ಟರು. ಅನ್ನ ಸೀದು ಹೋಯಿತು, ಮುದ್ದೆ ಗಂಟು ಕಟ್ಟಿತು. "ತಿನ್ನಿ, ನೀವೇ ಮಾಡಿದ್ದು ತಾನೇ" ಅಂತ ನಕ್ಕು, ತಾವೂ ಜೊತೆಗೆ ಕೂತು ಉಂಡರು.

ಸೂಪರಿಂಟೆಂಡೆಂಟ್ ಮೇಡಂಗೆ ಹೇಗೆ ಹೇಳುವುದೋ ಗೊತ್ತಿಲ್ಲ. ಮಧ್ಯೆ ಅನುಮತಿ ಇಲ್ಲದೆ ತರಗತಿ ನಿಂತಿತ್ತು. ಹೆಣ್ಣುಮಕ್ಕಳನ್ನು ಗೇಟಿನ ಹೊರಗೆ ಕಳಿಸಿ ಏನಾದರೂ ಆದರೆ ಉತ್ತರ ಹೇಳಬೇಕಾದವರು ಅವರು. ಒಳಗೇ ಇರಲಿ ಅಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೂ ಪತ್ರದ ಮೇಲೆ ಪತ್ರ ಬರೆದು, ಕೊನೆಗೆ ಸಹಿ ಹಾಕಿ ಕಳಿಸಿದರು. ಹುಡುಗಿಯರು ಬಸ್ಸಿನ ಬೋರ್ಡ್ ಓದಿ, ಆಧಾರ್ ತೋರಿಸಿ, ಶಕ್ತಿ ಯೋಜನೆಯ ಟಿಕೆಟ್ ಪಡೆದು ನಂಜನಗೂಡಿಗೆ ಹೋಗಿ ಬಂದರು. ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿದರು. ಸೊಪ್ಪಿನ ಅಜ್ಜಿಯೊಬ್ಬರು, "ಹಂಗೆ ಕೇಳಿದ್ರೆ ಯಾರು ಕೊಡ್ತಾರವ್ವ, ಮುಂದಕ್ಕೆ ಹೆಜ್ಜೆ ಹಾಕು, ನಾನೇ ಕರೀತೀನಿ" ಅಂತ ಪಾಠ ಹೇಳಿದರು. ಅಜ್ಜಿ, ಈ ಬರಹ ನಿಮಗೆ ತಲುಪಲಿಕ್ಕಿಲ್ಲ. ಸಿಕ್ಕಾಗ ಹೇಳುತ್ತೇನೆ.

ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ನಮ್ಮವರು ಚಲನ್ ಮುಟ್ಟಿರಲಿಲ್ಲ. ಬ್ಯಾಂಕಿನ ಆ ಸರ್ ಚಲನ್ ತುಂಬಿ ಕೊಡಲಿಲ್ಲ, ಚಿತ್ತು ಮಾಡಿದಷ್ಟು ಸಲ ಹೊಸ ಹಾಳೆ ಕೊಟ್ಟರು. ಹಿಂದೆ ಸಾಲು ಬೆಳೆಯುತ್ತಿದ್ದರೂ.

ಜೀವನ ಕೌಶಲದ ಕೈಪಿಡಿಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಕೌಶಲಗಳ ಪಟ್ಟಿ ಇರುತ್ತದೆ. ಬೋರ್ಡಿನ ಮೇಲೆ ಬರೆದರೆ ಹುಡುಗಿಯರು ಆಕಳಿಸುತ್ತಾರೆ. ನನಗೇನೋ 'ನಿರ್ಧಾರ ತೆಗೆದುಕೊಳ್ಳುವುದು' 200 ರೂಪಾಯಿ ಕೈಯಲ್ಲಿ ಹಿಡಿದು ಅಂಗಡಿ ಮುಂದೆ ನಿಂತಾಗಲೇ ಬರುತ್ತದೆ ಅನ್ನಿಸುತ್ತದೆ. ಒಂದು ವಿಷಯಕ್ಕೆ ಮಾತ್ರ ತರಗತಿಯ ನಾಟಕವೇ ಬೇಕಾಯಿತು: ಬೇಡ ಅನ್ನುವುದು. ಚಿಕ್ಕಂದಿನಿಂದ ಎಲ್ಲದಕ್ಕೂ "ಆಯ್ತು ಮಿಸ್" ಅಂದು ಬೆಳೆದವರು. ಮುಟ್ಟು, ಮೈ, ಪ್ರೀತಿ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದ ನರ್ಸ್ ಅಕ್ಕ ಅದನ್ನು ಆಡಿಸಿದರು. ನನ್ನ ಕ್ಲಾಸಿಗೆ ಬರಲು ಇಷ್ಟ ಇಲ್ಲ ಅಂತ ಒಬ್ಬಳು ಮುಖಕ್ಕೇ ಹೇಳಿದ ದಿನ ನರ್ಸ್ ಅಕ್ಕ ಚಪ್ಪಾಳೆ ತಟ್ಟಿದರು. ನನಗೆ ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಮೊದಲೇ ಹೋಮ್ ಬಿಟ್ಟು ಕೆಲಸಕ್ಕೆ ಸೇರಿದ್ದ ಅಕ್ಕ ಒಬ್ಬಳು ರಜೆ ಹಾಕಿ ಬಂದಳು. ಒಬ್ಬಳೇ ಒಂದು ಕೋಣೆಯಲ್ಲಿ ಯಾವತ್ತೂ ಮಲಗಿರಲಿಲ್ಲವಂತೆ. ಪಿಜಿಯಲ್ಲಿ ಮೊದಲ ವಾರ ದೀಪ ಆರಿಸಲೇ ಇಲ್ಲವಂತೆ. ಮೊದಲ ಸಂಬಳ ಸಾಲ ಕೇಳಿದವರಿಗೆಲ್ಲ ಕೊಟ್ಟು ಮುಗಿಯಿತಂತೆ. ಇದನ್ನೆಲ್ಲ ನಾನು ಹೇಳಿದ್ದರೆ ಉಪದೇಶ ಆಗುತ್ತಿತ್ತು. ಅವಳು ಹೇಳಿದಾಗ ಹುಡುಗಿಯರು ಉಸಿರು ಬಿಗಿ ಹಿಡಿದು ಕೇಳಿದರು. ಆಮೇಲೆ ಬೀಗ ಎಲ್ಲಿ ಕೊಳ್ಳಬೇಕು, ಎಷ್ಟಾಗುತ್ತದೆ ಅಂತ ವಿಚಾರಿಸಿದರು.

ಇನ್ನು ಆ ಫಾಸ್ಟರ್ ತಾಯಿ. ಒಂದು ವಾರದ ಸಾಮಾನಿನ ದುಡ್ಡನ್ನು ಹುಡುಗಿಯ ಕೈಗೇ ಕೊಟ್ಟರು. ಅವಳು ಅರ್ಧ ದುಡ್ಡಿಗೆ ಶಾಂಪೂ, ಬಿಸ್ಕತ್ತು ತಂದಳು. ತಾಯಿ ಬೈಯಲಿಲ್ಲ, ದುಡ್ಡು ಸೇರಿಸಲೂ ಇಲ್ಲ. ಆ ವಾರ ಮನೆಯವರೆಲ್ಲ ತಿಳಿಸಾರು ಉಂಡರು.

ಹೊಸ ಗುಂಪು ಶುರುವಾಗುತ್ತಿದೆ. ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಹೋಮ್‌ನಲ್ಲಿ ಊಟ ಹಾಕಿಸುತ್ತೇವೆ ಅಂತ ಜಾಸ್ತಿ ಜನ ಕೇಳುತ್ತೀರಿ. ನಿಮ್ಮ ಮನಸ್ಸು ದೊಡ್ಡದು. ಊಟದ ಬದಲು ಒಂದು ಭಾನುವಾರ ಬನ್ನಿ. ನೀವು ಎಲೆಕ್ಟ್ರಿಷಿಯನ್ ಆದರೆ ಫ್ಯೂಸ್ ಹಾಕುವುದು ಕಲಿಸಿ, ಅಂಗಡಿಯವರಾದರೆ ಲೆಕ್ಕದ ಪುಸ್ತಕ ತನ್ನಿ. ಅನುಮತಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮೊದಲೇ ಅರ್ಜಿ ಕೊಡಬೇಕು. ಸ್ವಲ್ಪ ಓಡಾಟ ಇದೆ, ನಾನು ಜೊತೆಗೆ ಬರುತ್ತೇನೆ.