ಭಾನುವಾರದ ಜಿಯೋಕ್ಯಾಶಿಂಗ್ ನಡಿಗೆ

ಎಲ್ಲರಿಗೂ ನಮಸ್ಕಾರ. ಜಿಯೋಕ್ಯಾಶಿಂಗ್ ಎಂದರೆ ಬೇರೆಯವರು ಬಚ್ಚಿಟ್ಟ ಡಬ್ಬಿಗಳನ್ನು ಫೋನಿನ ಜಿಪಿಎಸ್ ನೆರವಿನಿಂದ ಹುಡುಕಿ, ಒಳಗಿನ ಕಾಗದದಲ್ಲಿ ಹೆಸರು ಬರೆಯುವ ಆಟ. ಭಾನುವಾರ ಬೆಳಿಗ್ಗೆ 9ಕ್ಕೆ ಗ್ರಂಥಾಲಯದ ಮೆಟ್ಟಿಲ ಬಳಿ ಸೇರೋಣ. ಮಕ್ಕಳು, ಅಜ್ಜ, ಅಜ್ಜಿ ಎಲ್ಲರೂ ಬರಬಹುದು, ನಡಿಗೆ ಊರೊಳಗೇ.

ಜಿಯೋಕ್ಯಾಶಿಂಗ್ ಆ್ಯಪ್ ಮತ್ತು ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ. ಜಿಪಿಎಸ್ ನಮ್ಮನ್ನು ಡಬ್ಬಿಯ ಕೆಲವು ಮೀಟರ್ ಹತ್ತಿರಕ್ಕೆ ಮಾತ್ರ ಒಯ್ಯುತ್ತದೆ. ಮರಗಳ ಕೆಳಗಂತೂ ಬಾಣದ ಗುರುತು ಅತ್ತಿತ್ತ ಅಲೆಯುತ್ತದೆ. ಅಲ್ಲಿಂದ ಮುಂದೆ ಕಣ್ಣೇ ಗತಿ. ಎಲೆ ಉದುರುವ ಕಾಲವಾದ್ದರಿಂದ ಮರದ ಬುಡದಲ್ಲಿಟ್ಟ ಡಬ್ಬಿಗಳು ತರಗೆಲೆಯಡಿ ಹೂತಿರುತ್ತವೆ. ಕೈ ಹಾಕುವ ಮುನ್ನ ಕೋಲಿನಿಂದ ಕೆದಕಿ. ಬೆಂಚಿನ ಅಡಿಭಾಗವನ್ನೂ ತಡವಿ ನೋಡಿ: ಆಯಸ್ಕಾಂತದಿಂದ ಅಂಟಿಸಿದ, ಬೆರಳ ತುದಿಯಷ್ಟೇ ದೊಡ್ಡ ಡಬ್ಬಿಗಳೂ ಇರುತ್ತವೆ. ಅವುಗಳಲ್ಲಿ ಸುರುಳಿ ಸುತ್ತಿದ ಕಾಗದ ಬಿಟ್ಟರೆ ಬೇರೇನೂ ಹಿಡಿಸದು, ಹೆಸರು ಬರೆಯಲು ಪೆನ್ನು ನಾವೇ ಒಯ್ಯಬೇಕು.

ದೊಡ್ಡ ಡಬ್ಬಿಯಿಂದ ಮಕ್ಕಳು ಆಟಿಕೆ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನೋ ಹೆಚ್ಚಿನದನ್ನೋ ಇಡಲಿ. ತಿಂಡಿ ಮಾತ್ರ ಬೇಡ, ವಾಸನೆಗೆ ಪ್ರಾಣಿಗಳು ಬರುತ್ತವೆ. (2000ರ ಮೇ ತಿಂಗಳಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಬಚ್ಚಿಟ್ಟ ಈ ಆಟದ ಮೊಟ್ಟಮೊದಲ ಬಕೆಟ್‌ನಲ್ಲಿ ಬೀನ್ಸ್ ಡಬ್ಬಿ ಇತ್ತು, ನಿಜ. ನಾವು ಅದನ್ನು ಅನುಸರಿಸಬೇಕಿಲ್ಲ.) ಸಿಕ್ಕ ಕೂಡಲೇ ಕೂಗಾಡಬೇಡಿ, ಈ ಮಾತು ಹಿರಿಯರಿಗೇ ಹೆಚ್ಚು ಅನ್ವಯಿಸುತ್ತದೆ. ದಾರಿಹೋಕರು ಸರಿದ ಮೇಲೆ ಇದ್ದಲ್ಲೇ ಇಟ್ಟು ಮುಚ್ಚಿ.

ಎಷ್ಟು ಮಂದಿ ಬರುತ್ತೀರಿ ಎಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಮಳೆ ಬಂದರೆ ಮುಂದಿನ ಭಾನುವಾರ.