ಹಾಸ್ಟೆಲ್ ಬಿಟ್ಟು ಬಂದ ಮಕ್ಕಳಿಗೆ ನವಾಸ್ ಕಥೆ ಹೇಳಿ

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ಎಂದರೆ ನಮ್ಮ ಕ್ರೀಡಾ ಪುಟಗಳಲ್ಲಿ ಗೋಲು ಹೊಡೆದವರ ಸುದ್ದಿಯೇ ಜಾಸ್ತಿ. ಗೋಲು ತಡೆಯುವ ಡಿಫೆಂಡರ್‌ಗಳ ಹೆಸರು ಕಾಣುವುದು ಹೆಚ್ಚಾಗಿ ಅವರಿಗೆ ರೆಡ್ ಕಾರ್ಡ್ ಸಿಕ್ಕಾಗ. ಹಾಗಾಗಿ ಸ್ಪೇನ್‌ನ ಹೆಸುಸ್ ನವಾಸ್ 2024ರ ಡಿಸೆಂಬರ್‌ನಲ್ಲಿ ಆಟ ನಿಲ್ಲಿಸಿದ್ದು ನಮ್ಮಲ್ಲಿ ಬಹಳ ಜನರಿಗೆ ತಿಳಿಯಲೇ ಇಲ್ಲ. ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ನವಾಸ್ ಅವರ ಬಗ್ಗೆ ವಿವರವಾಗಿ ಒಂದು ಲೇಖನ ಬರೆಸಿ ಎಂದು ಕೇಳುವುದಕ್ಕೇ ಈ ಪತ್ರ. ಅವರು ಗೆದ್ದ ಕಪ್‌ಗಳು ಕಡಿಮೆಯೇನಲ್ಲ. ಆದರೆ ನಾನು ಕೇಳುತ್ತಿರುವುದು ಕಪ್‌ಗಳ ಸಲುವಾಗಿ ಅಲ್ಲ. ಮನೆ ಬಿಟ್ಟು ಇರಲಾಗದೆ ಒದ್ದಾಡಿದ ಹುಡುಗನೊಬ್ಬ ಅಷ್ಟು ದೂರ ಹೋಗಿದ್ದು ಹೇಗೆ ಎಂಬುದು ನಮ್ಮ ಮಕ್ಕಳಿಗೆ, ಅದಕ್ಕಿಂತ ಹೆಚ್ಚಾಗಿ ನಮ್ಮ ಕೋಚ್‌ಗಳಿಗೆ ಗೊತ್ತಾಗಬೇಕು.

ನವಾಸ್ ಹುಟ್ಟಿದ್ದು 1985ರಲ್ಲಿ, ಲೊಸ್ ಪಲಾಸಿಯೊಸ್ ಎಂಬ ಊರಿನಲ್ಲಿ. ಸೆವಿಯಾ ನಗರದ ದಕ್ಷಿಣಕ್ಕೆ, ಟೊಮೆಟೊ ಬೆಳೆಗೆ ಹೆಸರಾದ ಊರು. ಇಂದಿನ ಸ್ಪೇನ್ ತಂಡದ ಫ್ಯಾಬಿಯನ್ ರೂಯಿಸ್, ಗಾವಿ ಇಬ್ಬರೂ ಅದೇ ಊರಿನವರು! ಹತ್ತಿರದ ಸೆವಿಯಾ ಕ್ಲಬ್ ಸೇರಿದ ನವಾಸ್‌ಗೆ 2003ರ ನವೆಂಬರ್‌ನಲ್ಲಿ ಕೋಚ್ ಹೊಆಕಿನ್ ಕಪಾರೋಸ್ ಮೊದಲ ಪಂದ್ಯ ಆಡಿಸಿದರು. ಆಗ ವಯಸ್ಸು 18. ಬಲಗಡೆ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವ ಆಟಗಾರ. ಸಣ್ಣ ಮೈಕಟ್ಟು, ಆದರೆ ಓಟಕ್ಕೆ ನಿಂತರೆ ಹಿಡಿಯುವವರಿಲ್ಲ.

ಮೈದಾನದಲ್ಲಿ ಹೀಗಿದ್ದ ಹುಡುಗನಿಗೆ ಊರು ಬಿಟ್ಟು ರಾತ್ರಿ ಕಳೆಯುವುದೇ ಕಷ್ಟವಾಗಿತ್ತು. ತಂಡ ಕ್ಯಾಂಪಿಗೆ ಹೊರಟರೆ ಇದ್ದಕ್ಕಿದ್ದಂತೆ ಆತಂಕ ಮುತ್ತಿಕೊಳ್ಳುತ್ತಿತ್ತು. ಸೀಸನ್‌ಗೆ ಮುಂಚಿನ ತರಬೇತಿ ಶಿಬಿರವನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದದ್ದುಂಟು. ಸ್ಪೇನ್‌ನ ಕಿರಿಯರ ತಂಡ ಕರೆದಾಗಲೂ ಹೋಗುವುದು ಕಷ್ಟವಾಗುತ್ತಿತ್ತು. 2006ರ ಹೊತ್ತಿಗೆ ಚೆಲ್ಸಿಯಂಥ ಶ್ರೀಮಂತ ಕ್ಲಬ್ ಅವರ ಬೆನ್ನು ಬಿದ್ದಿದೆ ಎಂದು ಸುದ್ದಿಯಾಯಿತು. ನವಾಸ್ ಸೆವಿಯಾದಲ್ಲೇ ಉಳಿದರು. ಸುಮ್ನೆ ಯೋಚಿಸಿ, ನಮ್ಮಲ್ಲಿ ಇಂಥ ಹುಡುಗನಿದ್ದರೆ ಏನು ಹೇಳುತ್ತಿದ್ದೆವು? ಪುಕ್ಕಲ, ಅಮ್ಮನ ಸೆರಗು ಹಿಡಿದವ, ದಮ್ಮಿಲ್ಲ. ಇದೇ ಮಾತುಗಳು ಅಲ್ವಾ?

ಸೆವಿಯಾ ಹಾಗೆ ಮಾಡಲಿಲ್ಲ. ಬಲವಂತ ಮಾಡದೆ ತಂಡದಲ್ಲಿ ಆಡಿಸುತ್ತಲೇ ಹೋಯಿತು. ನವಾಸ್ ಮಾನಸಿಕ ತಜ್ಞರ ನೆರವು ಪಡೆದರು. ಇಷ್ಟು ತೊಂದರೆ ಇದ್ದ ಆ ವರ್ಷಗಳಲ್ಲೇ ಸೆವಿಯಾ 2006, 2007ರಲ್ಲಿ ಎರಡು ಸಲ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್ (ಇಂದಿನ ಯುರೋಪಾ ಲೀಗ್) ಗೆದ್ದಿತು. 2006ರ ಸೆಮಿಫೈನಲ್‌ನಲ್ಲಿ ಜರ್ಮನಿಯ ಶಾಲ್ಕೆ ವಿರುದ್ಧ ಹೆಚ್ಚುವರಿ ಸಮಯ ನಡೆಯುತ್ತಿತ್ತು. 100ನೇ ನಿಮಿಷದಲ್ಲಿ ನವಾಸ್ ಬಲಗಡೆಯಿಂದ ಕ್ರಾಸ್ ಕೊಟ್ಟರು, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸಿದರು. ಎಡಗಡೆ ಇದ್ದ ಆಂಟೋನಿಯೊ ಪುಯೆರ್ತಾ ಅದನ್ನು ಗೋಲಾಗಿಸಿದರು. ಆ ಕ್ಲಬ್ಬಿನ ಅದೃಷ್ಟವೇ ಅಲ್ಲಿಂದ ಬದಲಾಯಿತು ಎಂದು ಸೆವಿಯಾದವರು ಇಂದಿಗೂ ಹೇಳುತ್ತಾರೆ. ಮರುವರ್ಷ ಆಗಸ್ಟ್‌ನಲ್ಲಿ ಅದೇ ಪುಯೆರ್ತಾ ಪಂದ್ಯದ ಮಧ್ಯೆ ಕುಸಿದುಬಿದ್ದರು. ಮೂರು ದಿನಗಳ ನಂತರ ತೀರಿಕೊಂಡರು. ಇನ್ನೂ 22 ವರ್ಷ. ಮುಂದೆ ನವಾಸ್ ಧರಿಸಿದ 16ನೇ ನಂಬರ್ ಆ ಗೆಳೆಯನದ್ದು.

ಮನೆ ಬಿಟ್ಟು ಇರುವುದನ್ನು ನವಾಸ್ ನಿಧಾನವಾಗಿ ರೂಢಿ ಮಾಡಿಕೊಂಡರು. 2009ರ ನವೆಂಬರ್‌ನಲ್ಲಿ ಕೋಚ್ ವಿಸೆಂಟೆ ಡೆಲ್ ಬೋಸ್ಕೆ ಅವರ ಸ್ಪೇನ್ ತಂಡಕ್ಕೆ ಆಡಿದರು. ಎಂಟು ತಿಂಗಳೊಳಗೆ ಜೊಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ ಫೈನಲ್. ಬದಲಿಯಾಗಿ ಇಳಿದಿದ್ದ ನವಾಸ್ 116ನೇ ನಿಮಿಷದಲ್ಲಿ ತಮ್ಮ ಅರ್ಧದಿಂದಲೇ ಚೆಂಡು ಹಿಡಿದು ಓಡಿದರು. ಆ ಓಟದಿಂದ ಶುರುವಾದ ದಾಳಿಯೇ ಇನಿಯೆಸ್ಟಾ ಗೋಲಿನಲ್ಲಿ ಮುಗಿಯಿತು. ಸ್ಪೇನ್‌ಗೆ ಮೊದಲ ವಿಶ್ವಕಪ್ ಬಂತು. ಗೋಲು ಎಲ್ಲರಿಗೂ ನೆನಪಿದೆ, ಓಡಿದವರು ನೆನಪಿಲ್ಲ. 2012ರ ಯುರೋ (ಯುರೋಪಿನ ದೇಶಗಳ ಕಪ್) ಗೆದ್ದ ತಂಡದಲ್ಲೂ ಅವರಿದ್ದರು.

2013ರಲ್ಲಿ, 27ನೇ ವಯಸ್ಸಿನಲ್ಲಿ, ನವಾಸ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ ಸೇರಿದರು. ತಂಡದ ಕ್ಯಾಂಪ್‌ನಲ್ಲೇ ನಿಲ್ಲಲಾಗದಿದ್ದವರು ಬೇರೆ ದೇಶ, ಬೇರೆ ಭಾಷೆ, ಮಳೆಯ ಊರಿನಲ್ಲಿ ನಾಲ್ಕು ಸೀಸನ್ ಆಡಿದರು. ಮೊದಲ ವರ್ಷವೇ ಅಲ್ಲಿನ ಪ್ರೀಮಿಯರ್ ಲೀಗ್ ಗೆದ್ದರು. ನನ್ನ ಲೆಕ್ಕದಲ್ಲಿ ವಿಶ್ವಕಪ್‌ಗಿಂತ ದೊಡ್ಡ ಗೆಲುವು ಅದು.

ಅವರು ಡಿಫೆಂಡರ್ ಆದದ್ದು ಇದರ ನಂತರ. ಕೋಚ್ ಪೆಪ್ ಗಾರ್ಡಿಯೋಲಾ ಸಿಟಿಗೆ ಬಂದ ವರ್ಷ ನವಾಸ್ ಅವರನ್ನು ಆಗಾಗ ರೈಟ್ ಬ್ಯಾಕ್, ಅಂದರೆ ಬಲಗಡೆಯ ಡಿಫೆಂಡರ್ ಜಾಗದಲ್ಲಿ ಆಡಿಸಿದರು. 2017ರಲ್ಲಿ ಸೆವಿಯಾಗೆ ಮರಳಿದ ಮೇಲೆ ಅದೇ ಅವರ ಕಾಯಂ ಜಾಗವಾಯಿತು. ಇದು ಸಣ್ಣ ಬದಲಾವಣೆ ಅಲ್ಲ. ವಿಂಗರ್ ಆದವನು ಎದುರಾಳಿಯ ಬೆನ್ನ ಹಿಂದಿನ ಖಾಲಿ ಜಾಗ ಹುಡುಕುತ್ತಾನೆ. ಬ್ಯಾಕ್ ಆದವನು ತನ್ನದೇ ಬೆನ್ನ ಹಿಂದಿನ ಜಾಗ ಕಾಯಬೇಕು. ಮುಂದೆ ಹೋಗಿ ಕ್ರಾಸ್ ಕೊಟ್ಟ ಮರುಕ್ಷಣ ಅಷ್ಟೇ ವೇಗದಲ್ಲಿ ಹಿಂದಕ್ಕೆ ಓಡಬೇಕು. ಮೂವತ್ತು ದಾಟಿದ ಮೇಲೆ ಹೊಸ ಜಾಗ ಕಲಿಯಲು ಎಷ್ಟು ಆಟಗಾರರು ಒಪ್ಪುತ್ತಾರೆ? ನವಾಸ್ ಕಲಿತರು. ಆರು ವರ್ಷಗಳ ಕಾಲ ಸ್ಪೇನ್ ತಂಡ ಅವರನ್ನು ಮರೆತೇ ಬಿಟ್ಟಿತ್ತು, 2019ರಲ್ಲಿ ಡಿಫೆಂಡರ್ ಆಗಿ ಮತ್ತೆ ಕರೆಯಿತು. 2020ರಲ್ಲಿ ಇಂಟರ್ ಮಿಲಾನ್ ತಂಡವನ್ನು 3–2ರಿಂದ ಸೋಲಿಸಿ ಸೆವಿಯಾ ಯುರೋಪಾ ಲೀಗ್ ಗೆದ್ದಾಗ ಅವರೇ ನಾಯಕ. 2023ರಲ್ಲಿ ಮತ್ತೊಮ್ಮೆ ಅದೇ ಕಪ್. ಆ ಫೈನಲ್‌ನಲ್ಲಿ ರೋಮಾ ಆಟಗಾರ ತನ್ನದೇ ಗೋಲಿಗೆ ಚೆಂಡು ತಳ್ಳಿದ್ದು ನವಾಸ್ ಕೊಟ್ಟ ಕ್ರಾಸ್‌ನಿಂದ. ಅದೇ ವರ್ಷ ಸ್ಪೇನ್ ಜೊತೆ ಯುರೋಪಿನ ದೇಶಗಳ ಇನ್ನೊಂದು ಟೂರ್ನಿ ನೇಷನ್ಸ್ ಲೀಗ್ ಕೂಡ ಗೆದ್ದರು.

2024ರ ಯುರೋ ಸೆಮಿಫೈನಲ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. ಜುಲೈ 9, ಮ್ಯೂನಿಕ್. ರೈಟ್ ಬ್ಯಾಕ್ ಡಾನಿ ಕಾರ್ವಹಾಲ್ ಅಮಾನತಾಗಿದ್ದರು. ಅವರ ಜಾಗಕ್ಕೆ ಕೋಚ್ ಡಿ ಲಾ ಫ್ಯುಯೆಂಟೆ 38 ವರ್ಷದ ನವಾಸ್ ಅವರನ್ನು ಇಳಿಸಿದರು. ಎದುರಿಗೆ ಫ್ರಾನ್ಸ್‌ನ 25 ವರ್ಷದ ಎಂಬಾಪೆ! ಒಂಬತ್ತನೇ ನಿಮಿಷದಲ್ಲೇ ನವಾಸ್ ಕಾಯುತ್ತಿದ್ದ ಕಡೆಯಿಂದ ಎಂಬಾಪೆ ಕ್ರಾಸ್ ಕೊಟ್ಟರು, ಫ್ರಾನ್ಸ್ ಗೋಲು ಹೊಡೆಯಿತು. ಸ್ವಲ್ಪ ಹೊತ್ತಿಗೆ ನವಾಸ್‌ಗೆ ಹಳದಿ ಕಾರ್ಡ್. ಇನ್ನೊಂದು ಕಾರ್ಡ್ ಬಿದ್ದರೆ ಹೊರಗೆ. ಆದರೂ ಎದೆಗುಂದದೆ 58ನೇ ನಿಮಿಷದವರೆಗೆ ಆಡಿದರು. ಅವರ ಮುಂದೆ ಅದೇ ಬಲಗಡೆಯಲ್ಲಿ ಆಡುತ್ತಿದ್ದವನು 16 ವರ್ಷದ ಲಮಿನ್ ಯಮಾಲ್. ನವಾಸ್ ಮೊದಲ ಪಂದ್ಯ ಆಡುವಾಗ ಈ ಹುಡುಗ ಹುಟ್ಟೇ ಇರಲಿಲ್ಲ. ಯಮಾಲ್ ಗೋಲಿನಿಂದ ಸಮ ಮಾಡಿಕೊಂಡ ಸ್ಪೇನ್ 2–1ರಿಂದ ಗೆದ್ದಿತು. ಐದು ದಿನಗಳ ಬಳಿಕ ಕಪ್ಪೂ ಬಂತು. 2010ರ ವಿಶ್ವಕಪ್ ತಂಡದಿಂದ ಅಲ್ಲಿ ಉಳಿದಿದ್ದವರು ನವಾಸ್ ಒಬ್ಬರೇ.

ಇಷ್ಟೆಲ್ಲ ಆಡಿದ್ದು ಸೊಂಟದ ಕೀಲಿನ ನೋವಿನಲ್ಲಿ. ವರ್ಷಗಳಿಂದ ನೋವಿದೆ, ಪಂದ್ಯದ ಮಾರನೇ ದಿನ ನಡೆಯುವುದೂ ಕಷ್ಟ ಎಂದು ಅವರೇ ನಂತರ ಹೇಳಿಕೊಂಡರು. ಕೊನೆಯ ಪಂದ್ಯ 2024ರ ಡಿಸೆಂಬರ್ 22ರಂದು, ರಿಯಲ್ ಮ್ಯಾಡ್ರಿಡ್ ಮೈದಾನದಲ್ಲಿ. ಸೆವಿಯಾ ಸೋತಿತು. ಆದರೆ ಎದುರಾಳಿ ತಂಡದವರು ಸಾಲಾಗಿ ನಿಂತು ಅವರಿಗೆ ಗೌರವ ಕೊಟ್ಟರು. ಸೆವಿಯಾ ಪರ ಒಟ್ಟು 705 ಪಂದ್ಯ. ಆ ಕ್ಲಬ್ಬಿಗೆ ಅಷ್ಟು ಆಡಿದವರು ಬೇರಾರೂ ಇಲ್ಲ.

ಈಗ ನಮ್ಮ ವಿಷಯ. ನಮ್ಮ ರಾಜ್ಯದಲ್ಲಿ ಕ್ರೀಡಾ ಇಲಾಖೆಯ ವಸತಿ ನಿಲಯಗಳಿಗೆ ಚಿಕ್ಕ ಚಿಕ್ಕ ಮಕ್ಕಳು ಆಯ್ಕೆಯಾಗುತ್ತಾರೆ. ಒಳ್ಳೆಯ ವ್ಯವಸ್ಥೆ, ನಾನೂ ಮಕ್ಕಳನ್ನು ಕಳಿಸಿದ್ದೇನೆ. ಅವರಲ್ಲಿ ಕೆಲವರು ಬೇಗನೆ ವಾಪಸ್ ಬಂದಿದ್ದಾರೆ. ಓಟ ಚೆನ್ನಾಗಿತ್ತು, ಊಟ ಸೇರುತ್ತಿತ್ತು, ರಾತ್ರಿ ಮಾತ್ರ ಅಳು. ಬಂದ ಮೇಲೆ ಮನೆಯಲ್ಲಿ ಬೈಗುಳ, ಶಾಲೆಯಲ್ಲಿ ಗೇಲಿ. ಆಮೇಲೆ ಆ ಮಗು ಮೈದಾನದ ಕಡೆಗೇ ತಲೆ ಹಾಕುವುದಿಲ್ಲ. ಇದು ನನಗೆ ಬಹಳ ನೋವು ಕೊಟ್ಟಿದೆ. ಹಾಸ್ಟೆಲ್ ಬಿಟ್ಟ ಮಗುವಿಗೆ ಮತ್ತೊಂದು ವರ್ಷ ಅವಕಾಶ ಕೊಡಿ. ಅಲ್ಲಿಯವರೆಗೆ ಊರಿನಲ್ಲೇ ತರಬೇತಿ ನಡೆಯಲಿ. ವಾರಕ್ಕೊಮ್ಮೆಯಾದರೂ ಮಕ್ಕಳ ಜೊತೆ ಕುಳಿತು ಮಾತಾಡುವ ಆಪ್ತ ಸಮಾಲೋಚಕರು ಪ್ರತಿ ನಿಲಯದಲ್ಲೂ ಇರಲಿ. ಬಾಲ್, ಶೂ, ಮೊಟ್ಟೆಗೆ ದುಡ್ಡು ಇಡುವ ಹಾಗೆ ಇದಕ್ಕೂ ಇಡಬೇಕು.

ಸಂಪಾದಕರೇ, ಮುಂದಿನ ಆಯ್ಕೆ ಶಿಬಿರಗಳು ಶುರುವಾಗುವ ಮುನ್ನ ನವಾಸ್ ಬಗ್ಗೆ ನಿಮ್ಮ ಕ್ರೀಡಾ ವರದಿಗಾರರಿಂದ ಬರೆಸಿ. ಫೋಟೋ ದೊಡ್ಡದಾಗಿ ಹಾಕಿ. ಬಂದ ದಿನವೇ ಕತ್ತರಿಸಿ ನಮ್ಮ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ. ಪೋಷಕರ ಸಭೆಯಲ್ಲಿ ನಾನೇ ಓದಿ ಹೇಳುತ್ತೇನೆ.

ಇಂತಿ,
ಒಬ್ಬ ದೈಹಿಕ ಶಿಕ್ಷಕ,
ಸೋಮವಾರಪೇಟೆ ತಾಲ್ಲೂಕು, ಕೊಡಗು